ಎದುರಾಳಿಯ ಕೈಯಿಂದ ಬಂದ ಪದಕ: ಡೆ ಲಾ ಪೆನ್ನೆ ಪ್ರಕರಣದ ಹಿನ್ನೆಲೆ
1945ರ ಮಾರ್ಚ್‌ನಲ್ಲಿ, ಟಾರಂಟೊ ಬಂದರಿನಲ್ಲಿ, ಇಟಲಿಯ ಅಧಿಕಾರಿ ಲುಯಿಜಿ ಡುರಾಂಡ್ ಡೆ ಲಾ ಪೆನ್ನೆ ಅವರ ಎದೆಗೆ ಆ ದೇಶದ ಶೌರ್ಯದ ಚಿನ್ನದ ಪದಕ ತೊಡಿಸಿದವರು ಬ್ರಿಟಿಷ್ ನೌಕಾಧಿಕಾರಿ ಚಾರ್ಲ್ಸ್ ಮೋರ್ಗನ್. ಅದು ಸಿಕ್ಕಿದ್ದು, ಮೋರ್ಗನ್ ಕಪ್ತಾನರಾಗಿದ್ದ ‘ವೇಲಿಯಂಟ್’ ಯುದ್ಧನೌಕೆಯ ತಳವನ್ನು ಒಡೆದದ್ದಕ್ಕೆ! ಇದು ಹೇಗಾಯಿತೆಂದು ತಿಳಿಯಲು ಯಂತ್ರದಿಂದಲೇ ಶುರುಮಾಡಬೇಕು.

1930ರ ದಶಕದ ನಡುವೆ ಟೆಸೆಯೊ ಟೆಸೆಯಿ ಮತ್ತು ಎಲಿಯೋಸ್ ಟೋಸ್ಕಿ ಎಂಬ ನೌಕಾ ಎಂಜಿನಿಯರುಗಳು ಲಾ ಸ್ಪೆಜಿಯಾದಲ್ಲಿ ಅದನ್ನು ಕಟ್ಟಿದರು. ಸುಮಾರು ಏಳು ಮೀಟರ್ ಉದ್ದದ ಟಾರ್ಪೆಡೊ; ಬ್ಯಾಟರಿಯ ಮೋಟರು, ಮೇಲೆ ಕುದುರೆ ಏರಿದಂತೆ ಕೂರುವ ಇಬ್ಬರು. ನಾವಿಕರು ಇದನ್ನು ‘ಹಂದಿ’ ಎನ್ನುತ್ತಿದ್ದರು. ಸ್ಫೋಟಕ ತುಂಬಿದ ಮೂತಿಯನ್ನು ಬಿಡಿಸಿ, ಶತ್ರುಹಡಗಿನ ತಳದ ಎರಡೂ ಬದಿಯಲ್ಲಿ ಹೊರಚಾಚಿದ ಪಟ್ಟಿಗಳ ನಡುವೆ ಕಟ್ಟಿದ ಹಗ್ಗಕ್ಕೆ ತೂಗಿ ಬಿಡುವುದು ಕ್ರಮ. ಉಸಿರಾಟಕ್ಕೆ ಶುದ್ಧ ಆಮ್ಲಜನಕದ ಉಪಕರಣ. ಬಿಟ್ಟ ಗಾಳಿ ಹೊರಹೋಗದ ಕಾರಣ ನೀರ ಮೇಲೆ ಗುಳ್ಳೆ ಕಾಣದು. ಆದರೆ ಹೆಚ್ಚು ಆಳಕ್ಕಿಳಿದರೆ ಅದೇ ಆಮ್ಲಜನಕ ವಿಷ. 1940ರಲ್ಲಿ ಜಿಬ್ರಾಲ್ಟರ್‌ನಲ್ಲಿ ಯಂತ್ರಗಳು ಒಂದರ ಮೇಲೊಂದು ಕೈಕೊಟ್ಟವು. ಡೆ ಲಾ ಪೆನ್ನೆಯವರದ್ದೂ ಮುಳುಗಿತು.

1941ರ ಡಿಸೆಂಬರ್ 18ರ ರಾತ್ರಿ ‘ಶಿರೆ’ ಜಲಾಂತರ್ಗಾಮಿ ಈಜಿಪ್ಟಿನಲ್ಲಿದ್ದ ಬ್ರಿಟಿಷ್ ನೌಕಾನೆಲೆ ಅಲೆಕ್ಸಾಂಡ್ರಿಯಾದ ಹೊರಗೆ ಮೂರು ಯಂತ್ರ, ಆರು ಜನರನ್ನು ಇಳಿಸಿತು. ಬ್ರಿಟಿಷ್ ವಿಧ್ವಂಸಕ ನೌಕೆಗಳಿಗಾಗಿ ಬಂದರಿನ ಬಲೆ ತೆರೆದಾಗ ಇವರೂ ನುಸುಳಿದರು. ವೇಲಿಯಂಟ್ ಹತ್ತಿರ ಉಕ್ಕಿನ ತಂತಿ ಪ್ರೊಪೆಲರಿಗೆ ಸಿಕ್ಕಿ ಡೆ ಲಾ ಪೆನ್ನೆಯವರ ಯಂತ್ರ ನಿಂತಿತು. ಜೊತೆಗಾರ ಎಮಿಲಿಯೊ ಬಿಯಾಂಕಿ ಪ್ರಜ್ಞೆ ತಪ್ಪಿ ಮೇಲಕ್ಕೆ ತೇಲಿದರು. ಹಗ್ಗ ಕಟ್ಟುವುದು ಇಬ್ಬರ ಕೆಲಸ. ಒಬ್ಬರೇ ಉಳಿದಿದ್ದರಿಂದ ಅದನ್ನು ಕೈಬಿಟ್ಟು, ಭಾರದ ಯಂತ್ರವನ್ನು ಕೆಸರಿನಲ್ಲಿ ಎಳೆದು ಹಡಗಿನ ಅಡಿಗೆ ತಂದಿಟ್ಟರು, ಗಡಿಯಾರ ತಿರುಗಿಸಿದರು, ಮೇಲೆ ಬಂದು ಸಿಕ್ಕಿಬಿದ್ದರು.

ವಿಚಾರಣೆಯಲ್ಲಿ ಸ್ಫೋಟಕ ಎಲ್ಲಿದೆಯೆಂದು ಹೇಳದ ಇಬ್ಬರನ್ನೂ ಹಡಗಿನ ತಳದ ಕೋಣೆಯಲ್ಲಿ ಕೂರಿಸಲಾಯಿತು. ಯುದ್ಧಕೈದಿಗಳನ್ನು ಅನಗತ್ಯ ಅಪಾಯಕ್ಕೊಡ್ಡಬಾರದು ಎಂಬ 1929ರ ಜಿನೀವಾ ಒಪ್ಪಂದದ ಮಾತು ಆ ಕೋಣೆಯ ಬಾಗಿಲಲ್ಲೇ ನಿಂತುಬಿಟ್ಟಿತು. ಸಮಯ ಹತ್ತಿರವಾದಾಗ ಡೆ ಲಾ ಪೆನ್ನೆ ಕಪ್ತಾನರಿಗೆ ಸ್ಫೋಟದ ಎಚ್ಚರಿಕೆ ಕೊಟ್ಟರು. ಜಾಗ ಮಾತ್ರ ಹೇಳಲಿಲ್ಲ. ಸಿಬ್ಬಂದಿ ಮೇಲಕ್ಕೆ ಹೋದರು, ಡೆ ಲಾ ಪೆನ್ನೆಯವರನ್ನು ಮತ್ತೆ ಕೆಳಕ್ಕೆ ಕಳಿಸಲಾಯಿತು. ಬೆಳಿಗ್ಗೆ ಆರರ ಸುಮಾರಿಗೆ ಹಡಗು ಎದ್ದು ಬಿತ್ತು. ಇಬ್ಬರೂ ಬದುಕಿದರು. ಆ ರಾತ್ರಿಯ ದೊಡ್ಡ ಸಾಹಸ ಸ್ಫೋಟಕ್ಕಿಂತ ಆ ಎಚ್ಚರಿಕೆಯೇ ಎನ್ನಬೇಕು. ‘ಕ್ವೀನ್ ಎಲಿಜಬೆತ್’ ನೌಕೆಯಡಿ ಮಾರ್ಚೆಲ್ಯಾ ಮತ್ತು ಶೆರ್ಗಾಟ್ ಕ್ರಮಬದ್ಧವಾಗಿ ತೂಗಿಬಿಟ್ಟ ಸ್ಫೋಟಕಕ್ಕೆ ಎಂಟು ನಾವಿಕರು ಬಲಿಯಾದರು. ಆ ಇಬ್ಬರು ದಡ ಸೇರಿದರೂ, ಅವರಿಗೆ ಕೊಟ್ಟು ಕಳಿಸಿದ್ದ ಬ್ರಿಟಿಷ್ ನೋಟು ಈಜಿಪ್ಟಿನಲ್ಲಿ ಚಲಾವಣೆಯಲ್ಲಿರಲಿಲ್ಲ, ಹಿಡಿಯಲ್ಪಟ್ಟರು. ಜೀವದ ಹಂಗು ತೊರೆದವರಿಗೆ ಇಂಥ ತಯಾರಿ ಮಾಡಬಾರದಿತ್ತು.

ನೀರು ಆಳವಿಲ್ಲದ್ದರಿಂದ ಎರಡೂ ಹಡಗು ನೆಟ್ಟಗೆ ತಳಕ್ಕೆ ಕೂತವು. ಬ್ರಿಟಿಷರು ಡೆಕ್ಕಿನ ಮೇಲೆ ಎಲ್ಲ ಮಾಮೂಲಿನಂತೆ ತೋರಿಸಿದ್ದರಿಂದ ವಿಮಾನದಿಂದ ನೋಡಿದವರಿಗೆ ಹಾನಿಯ ಪೂರ್ಣ ಅಂದಾಜು ಸಿಗಲಿಲ್ಲ, ಗೆಲುವಿನ ಲಾಭ ಇಟಲಿಗೆ ದಕ್ಕಲಿಲ್ಲ.

1943ರ ಸೆಪ್ಟೆಂಬರ್‌ನಲ್ಲಿ ಇಟಲಿ ಶರಣಾಯಿತು, ‘ಹಂದಿ’ ಸವಾರರ ನೌಕಾ ಘಟಕವೂ ಒಡೆಯಿತು: ಒಂದು ಪಾಲು ಉತ್ತರದಲ್ಲಿ ಜರ್ಮನರ ಜೊತೆ ಉಳಿಯಿತು, ಸೆರೆಯಲ್ಲಿದ್ದ ಡೆ ಲಾ ಪೆನ್ನೆ ಮಿತ್ರಪಕ್ಷದ ಕಡೆ ಬಂದರು. 1944ರ ಜೂನ್‌ನಲ್ಲಿ ಬ್ರಿಟಿಷರೊಂದಿಗೆ ಲಾ ಸ್ಪೆಜಿಯಾದ ಮೇಲೆ, ‘ಹಂದಿ’ ಹುಟ್ಟಿದ ಊರಿನ ಮೇಲೆಯೇ, ನಡೆದ ದಾಳಿಯಲ್ಲಿ ಪಾಲ್ಗೊಂಡರು. ಜರ್ಮನರ ವಶದಲ್ಲಿದ್ದ ‘ಬೋಲ್ಸಾನೊ’ ಕ್ರೂಸರ್ ಮುಳುಗಿತು. ಟಾರಂಟೊದಲ್ಲಿ ಪದಕ ತೊಡಿಸಲು ಮೋರ್ಗನ್‌ರನ್ನು ಕರೆದವರು ಯುವರಾಜ ಉಂಬೆರ್ತೊ. ಡೆ ಲಾ ಪೆನ್ನೆ ಮುಂದೆ ಸಂಸದರಾದರು, 1992ರಲ್ಲಿ ತೀರಿಕೊಂಡರು. ಮರುವರ್ಷ ಇಟಲಿಯ ಹೊಸ ವಿಧ್ವಂಸಕ ನೌಕೆ ಅವರ ಹೆಸರಿನಲ್ಲಿ ಸೇವೆಗೆ ಬಂತು.