ವೈಫೈ ಹೆಸರು ನಂಬಬೇಡಿ, ಓಟಿಪಿ ಮೆಸೇಜು ಪೂರ್ತಿ ಓದಿ

ಮೈಸೂರು ರೈಲು ನಿಲ್ದಾಣದಲ್ಲಿ ಫೋನಿನ ವೈಫೈ ಆನ್ ಮಾಡಿದರೆ ಒಂದಷ್ಟು ಹೆಸರುಗಳು ಕಾಣುತ್ತವೆ. ಆ ಹೆಸರುಗಳನ್ನು ಯಾರು ಬೇಕಾದರೂ ಇಡಬಹುದು. ಪಕ್ಕದ ಬೆಂಚಿನಲ್ಲಿ ಕೂತವನು ತನ್ನ ಹಾಟ್‌ಸ್ಪಾಟ್‌ಗೆ ನಿಲ್ದಾಣದ ವೈಫೈ ಹೆಸರನ್ನೇ ಕೊಟ್ಟರೆ, ಪಾಸ್‌ವರ್ಡ್ ಇಲ್ಲದ ನೆಟ್‌ವರ್ಕ್‌ನಲ್ಲಿ ಅಸಲಿ ಯಾವುದು, ನಕಲಿ ಯಾವುದು ಎಂದು ಫೋನಿಗೆ ತಿಳಿಯುವುದಿಲ್ಲ. ಹಿಂದೊಮ್ಮೆ ಸೇರಿದ್ದ ಹೆಸರಾದರೆ ನಿಮ್ಮನ್ನು ಕೇಳದೆಯೇ ಸೇರಿಕೊಳ್ಳಬಹುದು. ಸಾಮಾನ್ಯವಾಗಿ ಸಿಗ್ನಲ್ ಜೋರಾಗಿರುವ ಕಡೆಗೇ ಅದರ ಒಲವು. ಹೋಟೆಲಿನ ಗೋಡೆಗೆ ಪಾಸ್‌ವರ್ಡ್ ಅಂಟಿಸಿದ್ದರೂ ಅಷ್ಟೇ, ಮೋಸಗಾರನೂ ಅದನ್ನು ಓದಿರುತ್ತಾನೆ.

ಹಾಗಂತ ನಕಲಿ ವೈಫೈಗೆ ಸೇರಿದ ಕೂಡಲೇ ಬ್ಯಾಂಕ್ ಖಾತೆ ಖಾಲಿಯಾಗುವುದಿಲ್ಲ. ಬ್ಯಾಂಕ್ ಆ್ಯಪ್ ಕಳಿಸುವ ಮಾಹಿತಿ ಗೂಢಲಿಪಿಯಲ್ಲಿ ಹೋಗುವುದರಿಂದ ನಡುವೆ ಕೂತವನಿಗೆ ಓದಲಾಗದು. ಅದಕ್ಕೇ ಅವನು ನಿಮ್ಮ ಕೈಯಿಂದಲೇ ಬರೆಸಿಕೊಳ್ಳಲು ನೋಡುತ್ತಾನೆ, ಲಾಗಿನ್ ಪುಟದ ಮೂಲಕ.

ಆ ಪುಟ ಮೊಬೈಲ್ ನಂಬರ್ ಕೇಳುತ್ತದೆ. ನಿಜವಾದ ಸಾರ್ವಜನಿಕ ವೈಫೈ ಕೂಡ ನಂಬರ್, ಓಟಿಪಿ ಕೇಳುವುದರಿಂದ ಅನುಮಾನ ಬರುವುದಿಲ್ಲ. ನೀವು ನಂಬರ್ ಕೊಟ್ಟ ಕ್ಷಣ ಅವನು ಅದನ್ನು ತನ್ನ ಫೋನಿನ ವಾಟ್ಸಾಪ್‌ಗೆ ಹಾಕುತ್ತಾನೆ. ನಿಮಗೆ ಆರಂಕಿಯ ಕೋಡ್ ಬರುತ್ತದೆ. ಅವಸರದಲ್ಲಿ ಅಂಕಿಗಳನ್ನಷ್ಟೇ ನೋಡಿ ಪುಟದಲ್ಲಿ ಒತ್ತಿದರೆ ನಿಮ್ಮ ವಾಟ್ಸಾಪ್ ಅವನ ಪಾಲು. ಮೆಸೇಜಿನಲ್ಲಿ ‘ವಾಟ್ಸಾಪ್’ ಎಂದು ಬರೆದೇ ಇರುತ್ತದೆ, ದಯವಿಟ್ಟು ಓದಿ. ವಾಟ್ಸಾಪ್‌ನಲ್ಲಿ ಟೂ-ಸ್ಟೆಪ್ ವೆರಿಫಿಕೇಶನ್ ಪಿನ್ ಇಟ್ಟಿದ್ದರೆ ಕೋಡ್ ಒಂದೇ ಅವನಿಗೆ ಸಾಲದು. ಇವತ್ತೇ ಇಟ್ಟುಕೊಳ್ಳಿ.

ವೈಫೈ ಕೊಡಲು ಆಧಾರ್ ಫೋಟೊ, ಕಾರ್ಡ್ ನಂಬರ್, ಯುಪಿಐ ಪಿನ್ ಕೇಳಿದರೆ ಅಲ್ಲೇ ಬಿಟ್ಟುಬಿಡಿ. ಪುಟದ ಸರ್ಟಿಫಿಕೇಟ್ (ಅದರ ಗುರುತಿನ ಪತ್ರ) ಸರಿಯಿಲ್ಲ ಎಂದು ಬ್ರೌಸರ್ ಎಚ್ಚರಿಸಿದರೆ ಮುಂದುವರಿಯಬೇಡಿ. ಹಣದ ವ್ಯವಹಾರಕ್ಕೆ ಮೊಬೈಲ್ ಡೇಟಾ ಸಾಕು, ಯುಪಿಐಗೆ ಬೇಕಾಗುವ ಡೇಟಾ ತೀರಾ ಕಡಿಮೆ. ಕೆಲಸ ಮುಗಿದ ಮೇಲೆ ವೈಫೈ ಸೆಟ್ಟಿಂಗ್ಸ್‌ನಲ್ಲಿ ಆ ಹೆಸರನ್ನು ಒತ್ತಿ ‘ಫರ್ಗೆಟ್’ ಕೊಡಿ. ದಸರೆಗೆ ಊರೆಲ್ಲ ಸುತ್ತುವವರು ವೈಫೈ ಆಫ್ ಮಾಡಿಕೊಂಡೇ ಹೊರಡುವುದು ಒಳ್ಳೆಯದು.

ಹಣ ಹೋಗಿಬಿಟ್ಟಿದ್ದರೆ ಮೊದಲು ಬ್ಯಾಂಕಿಗೆ, ತಕ್ಷಣವೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಆರ್‌ಬಿಐನ 2017ರ ಸುತ್ತೋಲೆಯ ಪ್ರಕಾರ, ಗ್ರಾಹಕರೇ ಓಟಿಪಿ ಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವರದ್ದು, ತಿಳಿಸಿದ ನಂತರದ್ದು ಬ್ಯಾಂಕಿನದ್ದು. ಆದ್ದರಿಂದ ಒಂದೊಂದು ನಿಮಿಷಕ್ಕೂ ಬೆಲೆಯಿದೆ. ದೂರಿನ ನಂಬರ್ ಬರೆದಿಟ್ಟುಕೊಳ್ಳಿ.

ಆಧಾರ್ ಪ್ರತಿ ಕೈತಪ್ಪಿದ್ದರೆ ಅದರ ಬಯೋಮೆಟ್ರಿಕ್ (ಬೆರಳಚ್ಚು, ಕಣ್ಣಿನ ಗುರುತು) ಲಾಕ್ ಮಾಡಿ. ಆ ಪ್ರತಿ ಬಳಸಿ ಯಾರಾದರೂ ಸಿಮ್ ಪಡೆದಿದ್ದಾರೆಯೇ ಎಂದು ನೋಡಲು, ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ನಿಮ್ಮ ಹೆಸರಿನ ಸಿಮ್‌ಗಳ ಪಟ್ಟಿ ಸಿಗುತ್ತದೆ. ಗುರುತಿಲ್ಲದ ನಂಬರ್ ಕಂಡರೆ ‘ನನ್ನದಲ್ಲ’ ಎಂದು ಅಲ್ಲೇ ವರದಿ ಮಾಡಬಹುದು.