ಮೂರು ಪಟ್ಟಿ ಬದಲಿಸಿದರೂ ಅಂಟದ ಪೊಟ್ಟಣ

ಮುಂಬಯಿ ಪಕ್ಕದ ಡೊಂಬಿವಲಿಯಲ್ಲಿ ನಮ್ಮ ಮನೆಯ ಹತ್ತಿರ ಇಡ್ಲಿ, ದೋಸೆ ಹಿಟ್ಟು ಮಾರುವ ಪುಟ್ಟ ಅಂಗಡಿಯೊಂದಿದೆ. ನಡೆಸುವವರು ಕುಂದಾಪುರದ ಕಡೆಯವರು. ಮಳೆ ಬಿಡದೆ ಸುರಿಯುತ್ತಿದ್ದ ಒಂದು ಸಂಜೆ ನನ್ನನ್ನು ಕರೆದು ಹೇಳಿದರು: "ಇದು ಮೂರನೆಯ ಪಟ್ಟಿ ಮಾರಾಯರೆ. ಪೊಟ್ಟಣದ ಬಾಯಿ ಅಂಟುವುದೇ ಇಲ್ಲ. ಗಿರಾಕಿ ಮನೆ ಮುಟ್ಟುವಷ್ಟರಲ್ಲಿ ಹಿಟ್ಟೆಲ್ಲ ಚೀಲದಲ್ಲಿರುತ್ತದೆ." ಪಟ್ಟಿ ಎಂದರೆ ಅಂಟಿಸುವ ಯಂತ್ರದಲ್ಲಿ ಕಾದು ಪೊಟ್ಟಣದ ಬಾಯಿ ಮುಚ್ಚುವ ಲೋಹದ ಪಟ್ಟಿ. ಅದು ಎಷ್ಟು ಹೊತ್ತು ಕಾಯಬೇಕೆಂದು ಹೇಳುವ ಗುಂಡಿಯನ್ನು ಕೊನೆಯ ಅಂಕೆಯವರೆಗೆ ತಿರುಗಿಸಿಟ್ಟಿದ್ದರು.

ಯಂತ್ರ ಸರಳವಾದದ್ದು. ಹಿಡಿ ಒತ್ತಿದರೆ ಒಳಗಿನ ಟ್ರಾನ್ಸ್‌ಫಾರ್ಮರ್ 230 ವೋಲ್ಟನ್ನು 20ರ ಆಸುಪಾಸಿಗೆ ಇಳಿಸಿ, ಒಂದೆರಡು ಸೆಕೆಂಡು ನೈಕ್ರೋಮ್ ಪಟ್ಟಿಗೆ ಹರಿಸುತ್ತದೆ. ನೈಕ್ರೋಮ್ ಎಂದರೆ ಸುಮಾರು 80 ಪಾಲು ನಿಕ್ಕಲ್, 20 ಪಾಲು ಕ್ರೋಮಿಯಂ ಬೆರೆತ ಮಿಶ್ರಲೋಹ. ಅಮೆರಿಕದ ಆಲ್ಬರ್ಟ್ ಮಾರ್ಷ್ 1906ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ವಿದ್ಯುತ್ತಿಗೆ ಇದು ಒಡ್ಡುವ ರೋಧ ತಾಮ್ರದ 60 ಪಟ್ಟನ್ನೂ ಮೀರುತ್ತದೆ. ಅಂಗಡಿಯ ಪಟ್ಟಿ 2 ಮಿ.ಮೀ. ಅಗಲ, 0.1 ಮಿ.ಮೀ. ದಪ್ಪ, 24 ಸೆಂ.ಮೀ. ಉದ್ದ. ಲೆಕ್ಕ ಹಾಕಿದರೆ ರೋಧ ಸುಮಾರು 1.3 ಓಮ್. 20 ವೋಲ್ಟಿಗೆ 15 ಆಂಪಿಯರ್ ಹರಿದು 300 ವ್ಯಾಟ್ ಕಾವು ಹುಟ್ಟಬೇಕು.

ಪ್ಲಗ್ ಕಿತ್ತೆ. ಟ್ರಾನ್ಸ್‌ಫಾರ್ಮರ್ ಕಡೆಯ ಒಂದು ತಂತಿಯನ್ನೂ ಬಿಡಿಸಿದೆ. ಬಿಡಿಸದಿದ್ದರೆ ಅದರ ಸುರುಳಿಯೂ ಅಳತೆಯಲ್ಲಿ ಸೇರಿಕೊಳ್ಳುತ್ತದೆ. ಮಲ್ಟಿಮೀಟರ್ 2.0 ಓಮ್ ತೋರಿಸಿತು. ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿದೆ: 0.3. ಅದು ಮೀಟರಿನ ತಂತಿಗಳದೇ ರೋಧ, ಕಳೆಯಬೇಕು. ಉಳಿದದ್ದು 1.7. ಮನೆಯ ಗೀಸರಿನ ಸುರುಳಿಗೆ 26 ಓಮ್ ಇರುತ್ತದೆ, ಅಲ್ಲಿ 0.3 ಹೆಚ್ಚುಕಡಿಮೆಯಾದರೆ ಯಾರೂ ಕೇಳುವುದಿಲ್ಲ. ಇಲ್ಲಿ ಅದು ಬೆಲ್ಲದ ತೂಕಕ್ಕೆ ಡಬ್ಬಿಯ ತೂಕ ಸೇರಿಸಿದ ಹಾಗೆ.

ಹಾಗಾದರೆ ಹೆಚ್ಚುವರಿ 0.4 ಎಲ್ಲಿಂದ ಬಂತು? ಇಷ್ಟು ಸಣ್ಣದನ್ನು ಹುಡುಕಲು ಲಾರ್ಡ್ ಕೆಲ್ವಿನ್ 1860ರ ದಶಕದಲ್ಲಿ ತೋರಿಸಿದ ಉಪಾಯ ಇಂದಿಗೂ ಸಾಕು: ವಿದ್ಯುತ್ ಹರಿಸುವುದಕ್ಕೆ ಒಂದು ಜೋಡಿ ತಂತಿ, ವೋಲ್ಟ್ ಅಳೆಯುವುದಕ್ಕೆ ಬೇರೆ ಜೋಡಿ. ಅಳೆಯುವ ಜೋಡಿಯಲ್ಲಿ ವಿದ್ಯುತ್ ಹರಿಯುವುದೇ ಇಲ್ಲ ಎನ್ನಬಹುದು, ಆದ್ದರಿಂದ ಅದರ ರೋಧ ಲೆಕ್ಕಕ್ಕೆ ಬರುವುದಿಲ್ಲ. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಕೊಂಡಿದ್ದ, ಬೇಕಾದಷ್ಟೇ ವಿದ್ಯುತ್ ಹರಿಸುವ ಡಿ.ಸಿ. ಪೆಟ್ಟಿಗೆಯನ್ನು ಮನೆಯಿಂದ ತಂದು, ಸರಿಯಾಗಿ 1 ಆಂಪಿಯರ್ ಹರಿಸಿದೆ. ಆಗ ಎಷ್ಟು ವೋಲ್ಟೋ ಅಷ್ಟೇ ಓಮ್. ಪಟ್ಟಿಯ ಉದ್ದಕ್ಕೂ 1.3 ವೋಲ್ಟ್. ಬಲತುದಿಯ ಸ್ಕ್ರೂವಿನಲ್ಲಿ ಬಹುತೇಕ ಸೊನ್ನೆ. ಎಡತುದಿಯ ಸ್ಕ್ರೂವಿನಲ್ಲಿ 0.4. ಕಳ್ಳ ಸಿಕ್ಕಿದ.

ಸ್ಕ್ರೂ ಬಿಚ್ಚಿ ನೋಡಿದರೆ ಹಿತ್ತಾಳೆಯ ಮೇಲೆ ಹಸಿರು ಕಿಲುಬು, ಅದರ ಮೇಲೆ ಒಣಗಿದ ಹಿಟ್ಟಿನ ಬಿಳಿ ಪೊರೆ. ಹುಳಿ ಬಂದ ಹಿಟ್ಟಿನಲ್ಲಿ ಲ್ಯಾಕ್ಟಿಕ್ ಆಮ್ಲವಿರುತ್ತದೆ. ಮುಂಬಯಿಯ ಮಳೆಗಾಲದ ತೇವ ಜೊತೆಗೂಡಿದರೆ ಹಿತ್ತಾಳೆಗೆ ಇಷ್ಟು ಸಾಕು. ಎರಡು ಲೋಹಗಳನ್ನು ಎಷ್ಟೇ ಒತ್ತಿ ಹಿಡಿದರೂ ಅವು ನಿಜಕ್ಕೂ ತಾಗುವುದು ಕೆಲವೇ ಚುಕ್ಕೆಗಳಲ್ಲಿ. ಆ ಚುಕ್ಕೆಗಳ ನಡುವೆ ಪೊರೆ ಸೇರಿದರೆ ದಾರಿ ಇಕ್ಕಟ್ಟಾಗುತ್ತದೆ. ನೈಕ್ರೋಮಿನದ್ದೂ ಇಲ್ಲಿ ಪಾಲಿದೆ. ಕಾದಾಗ ಅದರ ಮೈಮೇಲೆ ಕ್ರೋಮಿಯಂ ಆಕ್ಸೈಡಿನ ತೆಳು ಸಿಪ್ಪೆ ಬೆಳೆಯುತ್ತದೆ. ತಂತಿ ಕೆಂಪಗೆ ಕಾದರೂ ಸುಟ್ಟು ಹೋಗದಂತೆ ಕಾಯುವುದು ಅದೇ ಸಿಪ್ಪೆ, ಸ್ಕ್ರೂವಿನಡಿಯಲ್ಲಿ ವಿದ್ಯುತ್ತಿಗೆ ಅಡ್ಡ ನಿಲ್ಲುವುದೂ ಅದೇ.

0.4 ಓಮ್ ಮಾಡುವ ಹಾನಿ ನೋಡಿ. 15 ಇರಬೇಕಾದ ಆಂಪಿಯರ್ 11.8ಕ್ಕೆ ಇಳಿಯುತ್ತದೆ. ಕಾವು ವಿದ್ಯುತ್ತಿನ ವರ್ಗಕ್ಕೆ ತಕ್ಕಂತೆ ಬದಲಾಗುವುದರಿಂದ ಪಟ್ಟಿಗೆ ದಕ್ಕುವುದು 180 ವ್ಯಾಟ್ ಮಾತ್ರ. 55 ವ್ಯಾಟ್ ಕಡಲೆಕಾಳಿನಷ್ಟು ಜಾಗದಲ್ಲಿ, ಸ್ಕ್ರೂವಿನ ತಲೆಯಲ್ಲಿ ಸುಡುತ್ತದೆ. ಅಂಟುತ್ತಿಲ್ಲವೆಂದು ಗುಂಡಿ ತಿರುಗಿಸಿ ಸಮಯ ಹೆಚ್ಚಿಸಿದಷ್ಟೂ ಸ್ಕ್ರೂ ಇನ್ನಷ್ಟು ಕಾದು, ಪೊರೆ ಇನ್ನಷ್ಟು ಬೆಳೆಯುತ್ತದೆ.

ಸೇದುವವರೇ ತಂತಿ ಸುತ್ತಿ ಕೂರಿಸುವ ಇ-ಸಿಗರೇಟಿನಲ್ಲಿ ಇಂಥ ಸಣ್ಣ ಓಮ್‌ಗಳನ್ನು ಅಳೆಯುವಾಗಿನ ತಪ್ಪು ಅಪಾಯಕ್ಕೆ ತಿರುಗುತ್ತದೆ. ಭಾರತದಲ್ಲಿ 2019ರ ಕಾಯ್ದೆ ಅದರ ತಯಾರಿಕೆ, ಆಮದು, ಮಾರಾಟವನ್ನೆಲ್ಲ ನಿಷೇಧಿಸಿದೆ, ನನಗೂ ಅದರ ಮೇಲೆ ಮಮಕಾರವಿಲ್ಲ. ಉದಾಹರಣೆಯಾಗಿ ಮಾತ್ರ ಹೇಳುತ್ತೇನೆ. ಮೀಟರ್ 0.5 ಓಮ್ ತೋರಿಸಿತು ಎಂದುಕೊಳ್ಳಿ. ಪೂರ್ತಿ ತುಂಬಿದ 4.2 ವೋಲ್ಟ್ ಲಿಥಿಯಂ ಬ್ಯಾಟರಿ 8.4 ಆಂಪಿಯರ್ ಕೊಟ್ಟರೆ ಸಾಕೆಂದು ಸುತ್ತಿದವನ ಲೆಕ್ಕ. ಮೀಟರಿನ ತಂತಿಯ 0.3 ಕಳೆಯಲು ಮರೆತಿದ್ದರೆ ಸುರುಳಿಯ ನಿಜವಾದ ರೋಧ 0.2. ಹರಿಯುವುದು 21 ಆಂಪಿಯರ್. ಅಷ್ಟನ್ನು ತಾಳಲಾಗದ ಬ್ಯಾಟರಿ ಕೈಯಲ್ಲೇ ಕಾಯುತ್ತದೆ. ಸ್ಕ್ರೂ ಸಡಿಲವಾಗಿದ್ದರೆ ಅಂಕೆ ಒಂದು ಕಡೆ ನಿಲ್ಲದೆ ಕುಣಿಯುತ್ತದೆ. ಸುರುಳಿಯ ಕಾಲು ಬುಡದ ಲೋಹಕ್ಕೆ ತಾಗಿದ್ದರೆ ಸೊನ್ನೆಯತ್ತ ಜಾರುತ್ತದೆ. ಒಟ್ಟು ಅಂಕೆ ಸರಿಯಿದ್ದೂ ಒಂದೇ ಕಡೆ ಕೆಂಪಾದರೆ ಅಲ್ಲಿ ಸುತ್ತುಗಳು ಒಂದಕ್ಕೊಂದು ತಾಗಿರಬಹುದು, ತಂತಿಗೆ ಗೀರು ಬಿದ್ದಿರಬಹುದು. ಅದನ್ನು ಕಣ್ಣೇ ಹಿಡಿಯಬೇಕು, ಮೀಟರಿನಿಂದಾಗದು.

ಉಪ್ಪುಕಾಗದದಿಂದ ಹಿತ್ತಾಳೆಯನ್ನೂ ಪಟ್ಟಿಯ ತುದಿಯನ್ನೂ ಉಜ್ಜಿ, ಹೊಸ ವಾಷರ್ ಹಾಕಿ ಬಿಗಿದೆ. 1 ಆಂಪಿಯರಿಗೆ ಎಡತುದಿಯಲ್ಲಿ ಈಗ ಕೆಲವೇ ಮಿಲಿವೋಲ್ಟ್. ಗುಂಡಿಯನ್ನು ಮೂರಕ್ಕೆ ಇಳಿಸಿದರೂ ಪೊಟ್ಟಣ ಗಟ್ಟಿಯಾಗಿ ಅಂಟಿತು. ಬಿಸಾಡಲೆಂದು ಡಬ್ಬಿಯಲ್ಲಿಟ್ಟಿದ್ದ ಎರಡು ಹಳೆಯ ಪಟ್ಟಿಗಳನ್ನೂ ಹಾಗೆಯೇ ಅಳೆದು ನೋಡಿದೆ. ಎರಡೂ 1.3 ಓಮ್.