ಜಗಳವೆಲ್ಲ ಎರಡನೆಯ ಸ್ಥಾನದಿಂದಾಚೆಗೆ

ಇಂಗ್ಲೆಂಡಿನ ಪ್ರೋಗ್ರೆಸಿವ್ ರಾಕ್ ತಂಡ ‘ಯೆಸ್’ನ ಆಲ್ಬಮ್‌ಗಳಿಗೆ ರ‍್ಯಾಂಕ್ ಕೊಡಲು ಅಭಿಮಾನಿಗಳು ಕುಳಿತರೆ ಮೊದಲ ಸ್ಥಾನಕ್ಕೆ ಅಷ್ಟೇನೂ ತಕರಾರು ಏಳುವುದಿಲ್ಲ. 1972ರ ‘ಕ್ಲೋಸ್ ಟು ದಿ ಎಡ್ಜ್’ ಬಹುಪಾಲು ಪಟ್ಟಿಗಳಲ್ಲಿ ಅಲ್ಲಿಯೇ ಕುಳಿತಿರುತ್ತದೆ. ಎಲ್‌ಪಿ ಎಂಬ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಒಂದೇ ಹಾಡು, ಹದಿನೆಂಟು ನಿಮಿಷಕ್ಕೂ ಹೆಚ್ಚು. ಹರಿಯುವ ನೀರು, ಹಕ್ಕಿಗಳ ದನಿ, ಅದರ ನಡುವೆ ಧುತ್ತೆಂದು ಎರಗುವ ಗಿಟಾರು; ಒಮ್ಮೆ ಕೇಳಿದವರು ಆ ಆರಂಭವನ್ನು ಮರೆಯುವುದು ಕಷ್ಟ.

ಬಿಕ್ಕಟ್ಟು ಶುರುವಾಗುವುದು ಅದರ ಮರುವರ್ಷ. ಡ್ರಮ್ಮರ್ ಬಿಲ್ ಬ್ರೂಫೋರ್ಡ್ ಆಗಲೇ ‘ಕಿಂಗ್ ಕ್ರಿಮ್ಸನ್’ ಎಂಬ ಇನ್ನೊಂದು ತಂಡ ಸೇರಿಯಾಗಿತ್ತು. ಗಾಯಕ ಜಾನ್ ಆಂಡರ್ಸನ್, ಪರಮಹಂಸ ಯೋಗಾನಂದರ ಆತ್ಮಕಥೆಯ ಒಂದು ಅಡಿಟಿಪ್ಪಣಿಯನ್ನು ಹಿಡಿದುಕೊಂಡರು. ಶ್ರುತಿ, ಸ್ಮೃತಿ, ಪುರಾಣ, ತಂತ್ರ ಎಂಬ ನಾಲ್ಕು ಬಗೆಯ ಶಾಸ್ತ್ರಗಳ ವಿವರ ಅದು. ನಾಲ್ಕಕ್ಕೆ ನಾಲ್ಕು ಹಾಡು, ಎರಡು ಎಲ್‌ಪಿ, ಒಟ್ಟು ಎಂಬತ್ತು ನಿಮಿಷ: ‘ಟೇಲ್ಸ್ ಫ್ರಮ್ ಟೋಪೋಗ್ರಾಫಿಕ್ ಓಷನ್ಸ್’. ನಮ್ಮಲ್ಲಿ ಹರಿಕಥೆ ಕೇಳಿ ಬೆಳೆದವರಿಗೆ ಎಂಬತ್ತು ನಿಮಿಷ ಏನೇನೂ ಅಲ್ಲ. ಇಂಗ್ಲೆಂಡಿನ ವಿಮರ್ಶಕರಿಗೆ ಅಜೀರ್ಣವಾಯಿತು. ಆದರೂ ಅದು ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಒಂದು ಎಲ್‌ಪಿಗೆ ಹೆಚ್ಚು, ಎರಡಕ್ಕೆ ಕಡಿಮೆ ಎಂಬುದು ಕೀಬೋರ್ಡ್ ವಾದಕ ರಿಕ್ ವೇಕ್‌ಮನ್ ಅವರ ದೂರು. ಬೇಸತ್ತು, ಮ್ಯಾಂಚೆಸ್ಟರಿನ ಸಂಗೀತ ಕಛೇರಿಯ ನಡುವೆಯೇ ವೇದಿಕೆಯಲ್ಲಿ ‘ಕರಿ’ ಊಟ (curry) ತಿಂದದ್ದನ್ನು ಅವರೇ ಹೇಳಿಕೊಳ್ಳುತ್ತಾರೆ. 1974ರಲ್ಲಿ ತಂಡ ಬಿಟ್ಟರು. ಅಂದಿನಿಂದ ಈ ಆಲ್ಬಮ್ ಕೆಲವರ ಪಟ್ಟಿಯಲ್ಲಿ ಎರಡನೆಯದು, ಕೆಲವರ ಪಟ್ಟಿಯಲ್ಲಿ ತೀರಾ ಕೆಳಗೆ. ನನ್ನ ಮಟ್ಟಿಗೆ ಅದರ ಜಾಗ ನಡುವೆ: ಮೂರನೆಯ ಹಾಡಿನ ಮೊದಲರ್ಧ ತಾಳ್ಮೆ ಪರೀಕ್ಷಿಸುತ್ತದೆ, ಕೊನೆಗೆ ಬರುವ ಸ್ಟೀವ್ ಹೋವ್ ಅವರ ಗಿಟಾರು ಆ ಸಾಲವನ್ನೆಲ್ಲ ತೀರಿಸುತ್ತದೆ.

1980ರಲ್ಲಿ ಆಂಡರ್ಸನ್ ಕೂಡ ಇರಲಿಲ್ಲ. ವೇಕ್‌ಮನ್ ಮರಳಿ ಬಂದು ಮತ್ತೆ ಹೋಗಿದ್ದರು. ‘ಬಗಲ್ಸ್’ ಎಂಬ ಪಾಪ್ ಜೋಡಿಯ ಟ್ರೆವರ್ ಹಾರ್ನ್ ಮತ್ತು ಜೆಫ್ ಡೌನ್ಸ್ ಬಂದು ‘ಡ್ರಾಮಾ’ ಆಲ್ಬಮ್ ಮಾಡಿದರು. ಆಂಡರ್ಸನ್ ಇಲ್ಲದ್ದು ಯೆಸ್ ಹೇಗಾದೀತು ಎಂದು ಸಿಡುಕಿದವರಲ್ಲಿ ಹಲವರು ಈಗ ಅದನ್ನು ಸದ್ದಿಲ್ಲದೆ ಮೇಲಕ್ಕೆ ಏರಿಸಿದ್ದಾರೆ. 1983ರ ‘90125’ ಆಲ್ಬಮ್‌ನ ಕಥೆಯೇ ಬೇರೆ. ಗಿಟಾರ್ ವಾದಕ ಟ್ರೆವರ್ ರೇಬಿನ್ ಅವರೊಂದಿಗೆ ‘ಸಿನೆಮಾ’ ಎಂಬ ಹೆಸರಿನಲ್ಲಿ ಹೊರಟಿದ್ದ ಹೊಸ ತಂಡಕ್ಕೆ ಆಂಡರ್ಸನ್ ತಡವಾಗಿ ಸೇರಿಕೊಂಡರು, ಹೆಸರು ಯೆಸ್ ಆಯಿತು. ‘ಓನರ್ ಆಫ್ ಎ ಲೋನ್ಲಿ ಹಾರ್ಟ್’ 1984ರ ಜನವರಿಯಲ್ಲಿ ಅಮೆರಿಕದಲ್ಲಿ ಮೊದಲ ಸ್ಥಾನ ಮುಟ್ಟಿತು. ಈ ಹಾಡಿನ ಮೂಲಕ ಬಂದವರಿಗೂ ಎಪ್ಪತ್ತರ ದಶಕದವರಿಗೂ ಇಂದಿಗೂ ಒಂದೇ ಪಟ್ಟಿ ಒಪ್ಪಿಗೆಯಾಗುವುದಿಲ್ಲ.

ಹೀಗಾಗಿ ಅಂಕ ಬೀಳುವುದು ಹಾಡಿಗಿಂತ ಹೆಚ್ಚಾಗಿ ಆ ಹೊತ್ತಿನಲ್ಲಿ ತಂಡದಲ್ಲಿದ್ದವರಿಗೆ. 1968ರಲ್ಲಿ ತಂಡ ಕಟ್ಟಿದ ಬಾಸ್ ವಾದಕ ಕ್ರಿಸ್ ಸ್ಕ್ವೈರ್ ತಮ್ಮ ಕೊನೆಯವರೆಗೂ ಯೆಸ್ ಹೆಸರಿನ ಪ್ರತಿಯೊಂದು ಸ್ಟುಡಿಯೋ ಆಲ್ಬಮ್‌ನಲ್ಲಿಯೂ ಇದ್ದರು. 2015ರಲ್ಲಿ ಅವರು ತೀರಿಕೊಂಡ ಮೇಲೆ 2021ರ ‘ದಿ ಕ್ವೆಸ್ಟ್’, 2023ರ ‘ಮಿರರ್ ಟು ದಿ ಸ್ಕೈ’ ಹೊರಬಂದವು. ಕಟ್ಟಾ ಅಭಿಮಾನಿಗಳು ಕೆಲವರು ಇವಕ್ಕೆ ಕೊನೆಯ ಸ್ಥಾನವನ್ನೂ ಕೊಡುವುದಿಲ್ಲ, ಲೆಕ್ಕಕ್ಕೇ ಹಿಡಿಯುವುದಿಲ್ಲ.